ಹಿಡಿಯಬೇಡಿ, ನಾನೇ ಹಿಡಿದುಕೊಳ್ಳುತ್ತೇನೆ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದೆ. ಏಳಲಾಗಲಿಲ್ಲ. ಸೊಂಟದ ಎಡಭಾಗದಲ್ಲಿ ಹಿಡಿದ ನೋವು ತೊಡೆಯ ಕೀಲಿಗೆ ಇಳಿದು ಅಲ್ಲೇ ಕೂತುಬಿಟ್ಟಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇದ್ದದ್ದು ಸಾಲದಾಗಿತ್ತೇ?

ಇದ್ದದ್ದು ಅಟಾಕ್ಸಿಯಾ. ಮೆದುಳಿನಲ್ಲಿ ಸಮತೋಲನ ನೋಡಿಕೊಳ್ಳುವ ಭಾಗ ನಿಧಾನವಾಗಿ ಸೊರಗುವ ಕಾಯಿಲೆ. ಕಾಲಿನಲ್ಲಿ ಶಕ್ತಿ ಇರುತ್ತದೆ, ಆದರೆ ಹೆಜ್ಜೆ ನಾನು ಅಂದುಕೊಂಡ ಕಡೆ ಬೀಳುವುದಿಲ್ಲ. ಮಾತು ತೊದಲುತ್ತದೆ. ಕೈ ನಡುಗಿ ಕತ್ತರಿ ಗೆರೆ ಬಿಟ್ಟು ಓಡುತ್ತದೆ. ನರಸಿಂಹರಾಜಪುರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು ನಾನು. ಈಗ ಹೊಲಿಯುವುದು ಕೆಲಸಕ್ಕೆ ಬರುವ ಹುಡುಗಿ, ನಾನು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುವುದು. ಶಿವಮೊಗ್ಗದ ನ್ಯೂರಾಲಜಿಸ್ಟ್ ಎಂಆರ್‌ಐ ನೋಡಿ ಅಂದೇ ಹೇಳಿದ್ದರು: "ಇದನ್ನ ವಾಸಿ ಮಾಡೋ ಮಾತ್ರೆ ಇಲ್ಲಮ್ಮ. ನಡೀತಾ ಇರಿ. ನಡೆಯೋದು ಬಿಟ್ರೆ ಮತ್ತೆ ಶುರು ಮಾಡೋದು ಬಹಳ ಕಷ್ಟ."

ಅದಕ್ಕೇ ದಿನಾ ಮನೆಯಿಂದ ಅಂಗಡಿಗೆ ನಡೆದೇ ಹೋಗುತ್ತಿದ್ದೆ. ಕಾಲು ಅಗಲಿಸಿ, ಅತ್ತಿತ್ತ ತೂಗಾಡುತ್ತ. ಗೊತ್ತಿಲ್ಲದವರು, ಇವಳು ಬೆಳಿಗ್ಗೆ ಬೆಳಿಗ್ಗೆಯೇ ಕುಡಿದಿದ್ದಾಳೆ ಎಂದು ಮುಖ ನೋಡುತ್ತಿದ್ದರು. ನೋಡಿಕೊಳ್ಳಲಿ. ಉಳಿದದ್ದೆಲ್ಲ ತೆಗೆದುಕೋ, ಈ ನಡಿಗೆಯೊಂದನ್ನು ಬಿಡು ಎಂದು ಕಾಯಿಲೆಯ ಜೊತೆ ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದೆ.

ಈ ನೋವು ಬರುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ನಮ್ಮ ಮನೆಯವರು ಜೊತೆಗೆ ಬರತೊಡಗಿದರು. ಇವರು ಪಿಕಪ್ ಗಾಡಿ ಓಡಿಸುವವರು, ಮೂಟೆ ಎತ್ತಿ ಇಳಿಸಿ ಪಳಗಿದ ಕೈ. ನನ್ನ ಬಲತೋಳನ್ನು ಕಂಕುಳ ಹತ್ತಿರ ಗಟ್ಟಿಯಾಗಿ ಹಿಡಿದು ಮೇಲಕ್ಕೆ ಎತ್ತಿಕೊಂಡೇ ನಡೆಸುತ್ತಿದ್ದರು. ಬಿಡಿ ಎಂದರೆ ಕೇಳುತ್ತಿರಲಿಲ್ಲ. "ಬಿದ್ರೆ ಎಂತ ಮಾಡದು ಮಾರಾಯ್ತಿ? ನೋಡಿದೋರು ನಂಗೆ ಎಂತ ಅಂತಾರೆ?"

ಈಗ ನೋವೂ ಬಂತಲ್ಲ, ತಮಾಷೆ ನೋಡಿ. ಅಟಾಕ್ಸಿಯಾ ಬಂದಾಗ ಯಾರೂ ಏನೂ ಸಲಹೆ ಕೊಟ್ಟಿರಲಿಲ್ಲ, ಏಕೆಂದರೆ ಯಾರಿಗೂ ಅದು ಗೊತ್ತಿರಲಿಲ್ಲ. ಸೊಂಟನೋವು ಎಂದ ಕೂಡಲೇ ಊರಿಗೆ ಊರೇ ಡಾಕ್ಟರಾಯಿತು. ಮುತ್ತಿನಕೊಪ್ಪದ ಅತ್ತಿಗೆ ಎಣ್ಣೆ ಕಾಯಿಸಿ ಬಾಟಲಿ ತುಂಬ ತಂದರು. ಪಕ್ಕದ ಮನೆಯವಳು ಹಲಗೆಯ ಮೇಲೆ ಮಲಗು ಎಂದಳು. ಅವಳ ಅತ್ತೆ, ಹಲಗೆ ಮುಟ್ಟಲೇಬೇಡ, ಹತ್ತಿಯ ಹಾಸಿಗೆಯೇ ಆಗಬೇಕು ಎಂದರು. ಬ್ಲೌಸಿನ ಅಳತೆ ಕೊಡಲು ಬಂದವರು ಅಳತೆ ಮರೆತು ತಮ್ಮ ಡಿಸ್ಕಿನ ಕಥೆ ಹೇಳಿ ಹೋದರು. ಒಬ್ಬರ ಮಾತು ಇನ್ನೊಬ್ಬರಿಗೆ ಆಗಿಬರದು, ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ: ರೆಸ್ಟ್ ಮಾಡು, ನಡೆಯಬೇಡ.

ಒಂದು ಕಾಯಿಲೆಗೆ ನಡೆಯಬೇಕು. ಇನ್ನೊಂದಕ್ಕೆ ನಡೆಯಬಾರದು.

ಅತ್ತ ದರಿ, ಇತ್ತ ಪುಲಿ.

ಡಾಕ್ಟರಿಗೆ ತೋರಿಸಿದ್ದಾಯಿತು. ಎಕ್ಸ್‌ರೇಯಲ್ಲಿ ವಯಸ್ಸಿಗೆ ತಕ್ಕ ಸವೆತ, ಅಷ್ಟೇ. ನೋವಿಗೆ ಮಾತ್ರೆ ಕೊಟ್ಟರು, ಅದರಲ್ಲೊಂದು ಸ್ನಾಯು ಸಡಿಲ ಮಾಡುವಂಥದ್ದು. ಮೊದಲೇ ಸಡಿಲವಾದ ನಾನು ಇನ್ನೂ ಸಡಿಲವಾಗಿ ಬಚ್ಚಲಮನೆಯ ಬಾಗಿಲಲ್ಲಿ ಕುಸಿದೆ. ಫೋನ್ ಮಾಡಿದಾಗ ಆ ಮಾತ್ರೆ ನಿಲ್ಲಿಸಲು ಹೇಳಿದರು. ನಾನು ಅಂಗಡಿಗೆ ನಡೆದು ಹೋಗುವುದನ್ನೂ ಇವರು ನಿಲ್ಲಿಸಿಬಿಟ್ಟರು. ಬೆಳಿಗ್ಗೆ ಪಿಕಪ್ಪಿಗೆ ಹತ್ತಿಸುವುದು, ಸಂಜೆ ಇಳಿಸುವುದು. ಬೇರೆ ಲೋಡಿನ ಹಾಗೆ ನಾನೂ ಒಂದು ಲೋಡು.

ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ಗಮನಿಸಿದೆ. ಹಾಲ್‌ನಿಂದ ಅಡುಗೆಮನೆಗೆ ಹೋಗಲು ಗೋಡೆ ಹಿಡಿದುಕೊಂಡಿದ್ದೆ.

ನಡಿಗೆ ನನ್ನನ್ನು ಬಿಟ್ಟು ಹೋಗುತ್ತಿತ್ತು.

ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ಹಟ ಬಂತು. ನನ್ನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗದಿದ್ದರೆ ಊಟ ಮಾಡುವುದಿಲ್ಲ ಎಂದು ಕೂತೆ. ಮಗುವಿನ ಹಾಗೆ ಆಡುತ್ತೀಯ ಎಂದು ಬೈಯುತ್ತಲೇ ಇವರು ಕೊಪ್ಪಕ್ಕೆ ಗಾಡಿ ತಿರುಗಿಸಿದರು.

ಅಲ್ಲಿದ್ದ ಫಿಸಿಯೋ ಮೇಡಂ ಎಕ್ಸ್‌ರೇ ನೋಡಿ ಬದಿಗಿಟ್ಟು, "ಸ್ವಲ್ಪ ನಡೆದು ತೋರಿಸಿ" ಎಂದರು. ಎದ್ದೆ. ಇವರು ಎಂದಿನಂತೆ ಓಡಿ ಬಂದು ಬಲತೋಳು ಹಿಡಿದು ಎತ್ತಿದರು. ಆ ತುದಿಗೆ ಹೋಗಿ ವಾಪಸು ಬಂದೆವು.

"ಸರ್, ಯಾವಾಗ್ಲೂ ಹೀಗೇ ಹಿಡ್ಕೊಳ್ತೀರಾ?"

"ಹೌದು ಮೇಡಂ. ಒಂದಿನಾನೂ ಬಿಟ್ಟಿಲ್ಲ." ಇವರ ದನಿಯಲ್ಲಿ ಹೆಮ್ಮೆಯಿತ್ತು.

"ಬಿಟ್ಬಿಡಿ."

ಮೇಡಂ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿದರು. ಬಲತೋಳು ಎತ್ತಿದಾಗ ಬಲಭುಜ ಕಿವಿಯ ತನಕ ಬರುತ್ತಿತ್ತು. ಮೈ ತಿರುಚಿ ಭಾರವೆಲ್ಲ ಎಡ ಸೊಂಟಕ್ಕೆ ಬೀಳುತ್ತಿತ್ತು. ನಾನು ತೂಗಾಡುವುದು ಬೀಳುವುದಕ್ಕಲ್ಲ, ಬೀಳದೇ ಇರುವುದಕ್ಕೆ. ಅದನ್ನು ತಡೆದರೆ ಸೊಂಟ ಒದ್ದಾಡುತ್ತದೆ. ನೋವಿಗೆ ಇದೊಂದೇ ಕಾರಣವಲ್ಲ, ಕಾಲು ಅಗಲಿಸಿ ನಡೆಯುವುದರಿಂದಲೂ ಕೀಲಿಗೆ ಪೆಟ್ಟು, ವ್ಯಾಯಾಮ ಮಾಡಲೇಬೇಕು ಎಂದರು. ಕೊನೆಗೆ ಇವರ ಕಡೆ ತಿರುಗಿ, "ನೀವು ಅವರನ್ನ ಹಿಡೀಬೇಡಿ. ಮೊಣಕೈ ಕೊಟ್ಟು ನಿಲ್ಲಿ. ಅವರೇ ಹಿಡ್ಕೊಳ್ತಾರೆ, ಬೇಕಾದಾಗ ಬಿಡ್ತಾರೆ" ಎಂದರು.

ವಾಪಸು ಬರುವಾಗ, ಊರು ಹತ್ತಿರವಾದಾಗ, ಇವರು ರಸ್ತೆ ನೋಡುತ್ತಲೇ ಕೇಳಿದರು. "ಹಂಗಾರೆ ನಿಂಗೆ ನೋವು ಮಾಡಿದ್ದು ನಾನಾ?"

ಹೌದು ಎನ್ನಲೇ, ಅಲ್ಲ ಎನ್ನಲೇ? ನೋವು ತಿಂದವಳೂ ನಾನೇ, ಸಮಾಧಾನ ಮಾಡಬೇಕಾದವಳೂ ನಾನೇ.

ವ್ಯಾಯಾಮ ಕಲಿಯುವುದು ನನಗೆ ಅಷ್ಟು ಕಷ್ಟವಾಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಮಲಗಿ ಸೊಂಟ ಎತ್ತುವುದು, ಸಂಜೆ ಬಿಸಿನೀರಿನ ಬ್ಯಾಗು. ಹಿಡಿಯದೇ ಇರುವುದನ್ನು ಕಲಿಯುವುದು ಇವರಿಗೆ ಪ್ರಾಣಸಂಕಟ. ನಾನು ಚೂರು ವಾಲಿದರೆ ಸಾಕು, ಕೈ ತಾನಾಗಿ ಹಾರಿ ಬರುತ್ತಿತ್ತು. ನಾನು ರಸ್ತೆಯಲ್ಲೇ ಕಿರುಚುತ್ತಿದ್ದೆ. ಇವರೂ ಕಿರುಚುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡೆ. ಆದರೂ ಅಂಗಡಿಯ ದಾರಿ ಮತ್ತೆ ನನ್ನ ಕಾಲಿಗೆ ಸಿಕ್ಕಿತು. ನೋವು ಹೋಗಲಿಲ್ಲ, ಬೆಳಿಗ್ಗೆ ಸುಮ್ಮನಿದ್ದು ಸಂಜೆಗೆ ಬರುವಷ್ಟು ಮರ್ಯಾದೆ ಕಲಿಯಿತು.

ಮೊನ್ನೆ ಶೃಂಗೇರಿಯಲ್ಲಿ ಇವರ ತಮ್ಮನ ಮಗಳ ಮದುವೆ. ಛತ್ರಕ್ಕೆ ಎತ್ತರದ ಮೆಟ್ಟಿಲುಗಳು, ಬದಿಯಲ್ಲಿ ಹಿಡಿಯಲು ಕಂಬಿ ಇಲ್ಲ. ಮೇಲೆ ನೆಂಟರೆಲ್ಲ ನಿಂತಿದ್ದರು. ಇವರಿಗೆ ನಾಲ್ಕು ಜನರ ಮಾತೆಂದರೆ ಎಷ್ಟು ಭಯವೆಂದು ನನಗೆ ಗೊತ್ತು. ಇಂದು ಹಿಡಿದೇ ಹಿಡಿಯುತ್ತಾರೆ, ನನ್ನ ಸೊಂಟದ ಕಥೆ ಮುಗಿಯಿತು ಎಂದುಕೊಂಡೆ.

ಇವರು ನನ್ನ ಪಕ್ಕ ಬಂದು ಮೊಣಕೈ ಮಡಚಿ ನಿಂತರು. ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಹಿಡಿದುಕೊಂಡು ಹತ್ತತೊಡಗಿದೆ. ನಡುವೆ ಒಂದು ಮೆಟ್ಟಿಲಲ್ಲಿ ಜೋರಾಗಿ ವಾಲಿದೆ. ಮೇಲಿಂದ ಇವರ ಚಿಕ್ಕಮ್ಮ ಕೂಗಿದರು.

"ಎಂಥ ಗಂಡಸೋ ನೀನು! ಹೆಂಡ್ತಿ ಬೀಳೋ ಹಂಗಿದಾಳೆ, ನೀ ಕಂಬದ ಹಂಗೆ ನಿಂತಿದೀಯಲ್ಲ ಮಾರಾಯ! ಹಿಡ್ಕಳಾ!"

"ನಾ ಹಿಡಿಯಂಗಿಲ್ಲ ಚಿಕ್ಕಮ್ಮ. ಅವಳೇ ಹಿಡ್ಕಳ್ತಾಳೆ."

"ಯಾರು ಹೇಳಿದ್ದು? ಡಾಕ್ಟ್ರಾ?"

"ಅಲ್ಲ. ಅವಳೇ ಹೇಳಿದ್ದು."

ಯಾರೋ ನಕ್ಕರು. ಇವರು ತಲೆ ತಗ್ಗಿಸಲಿಲ್ಲ, ಕೈ ಚಾಚಲಿಲ್ಲ. ನಾನು ನೆಟ್ಟಗಾಗುವವರೆಗೆ ಕಾದರು. ನೆಟ್ಟಗಾದೆ, ಮುಂದಿನ ಹೆಜ್ಜೆ ಇಟ್ಟೆ. ಮೇಲೆ ತಲುಪಿದಾಗ ಎಡ ಸೊಂಟ ಚುಳ್ ಎನ್ನುತ್ತಿತ್ತು. ಆದರೆ ಹತ್ತಿದ್ದು ನಾನು. ಆಗ ತಿಳಿಯಿತು, ನನ್ನ ಬೆರಳ ಕೆಳಗೆ ಇವರ ತೋಳು ನಡುಗುತ್ತಿತ್ತು.

"ನೀವೆಂತಕ್ಕೆ ನಡುಗದು?" ಎಂದೆ. "ಅದು ನನ್ನ ಕಾಯಿಲೆ."

"ಸುಮ್ನೆ ಹಿಡ್ಕಳೆ" ಎಂದರು.

ಹಿಡಿದುಕೊಂಡೆ.