ರಾಹುಕಾಲದಲ್ಲಿ ಹೊಳೆ ನೋಡಿದವರು

ಮೊನ್ನೆ ಅಟ್ಟ ಕ್ಲೀನ್ ಮಾಡಿಸುವಾಗ ಮರದ ಹಿಡಿಯ ಕಪ್ಪು ಛತ್ರಿಯೊಂದು ಸಿಕ್ಕಿತು. ಬಿಚ್ಚಿದೆ. ತುಕ್ಕು, ಜಿರಲೆ, ನುಸಿಗುಳಿಗೆ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿದು, ಅದರ ಹಿಂದೆಯೇ ಗೌರಿಬಿದನೂರಿನ ನಮ್ಮ ತಾತ ಕೆಮ್ಮುತ್ತಾ ಬಂದು ನಿಂತ ಹಾಗಾಯಿತು. ಈ ಛತ್ರಿ ಮಳೆ ಕಂಡದ್ದು ಅಪರೂಪ. ತಾತ ಅದನ್ನು ಹಿಡಿಯುತ್ತಿದ್ದದ್ದು ಊರು ತೋರಿಸುವುದಕ್ಕೆ. ರಿಟೈರ್ ಆದ ಮೇಷ್ಟರು. ಪಾಠ ಕೇಳುವ ಮಕ್ಕಳಿಲ್ಲದೆ ಮನೆಗೆ ಬಂದ ನೆಂಟರನ್ನೇ ಹಿಡಿದುಕೊಳ್ಳುತ್ತಿದ್ದರು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಕಂಡಕ್ಟೆಡ್ ಟೂರ್ ಶುರು. ರೈಲ್ವೆ ಸೇತುವೆ, ವಿದುರಾಶ್ವತ್ಥದ ನಾಗರಕಲ್ಲುಗಳು, ಕೊನೆಗೆ ಉತ್ತರ ಪಿನಾಕಿನಿ. ವರ್ಷದ ಬಹುಪಾಲು ಆ ಹೊಳೆಯಲ್ಲಿ ಮರಳೇ ಹರಿಯುತ್ತಿತ್ತು. "ನೀರು ಕೆಳಗಡೆ ಹೋಗ್ತಿದೆ, ಕಣ್ಣಿಗೆ ಕಾಣಲ್ಲ ಅಷ್ಟೆ" ಎನ್ನುತ್ತಿದ್ದರು ತಾತ. ದಂಡೆಯಲ್ಲಿ ನಿಂತು ಛತ್ರಿ ಚಾಚಿ "ಅಗೋ ನಂದಿಬೆಟ್ಟ" ಎಂದರೆ, ನೆಂಟರು ಕಣ್ಣು ಕಿರಿದು ಮಾಡಿ ಯಾವುದೋ ಮೋಡಕ್ಕೆ ಕೈಮುಗಿಯುತ್ತಿದ್ದರು.

ನಾನು ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬರುತ್ತಿದ್ದ ಹುಡುಗಿ. ನನಗೆ ಈ ಸೈಟ್ ಸೀಯಿಂಗ್ ತಮಾಷೆ. ಅಜ್ಜಿಗೆ ಮಾತ್ರ ಎದೆಯುರಿ. ಮನೆಯಲ್ಲಿ ಮದುವೆಗಿದ್ದ ಸುಂದರತ್ತೆಯನ್ನು ನೋಡಲು ಬಂದ ಮೊದಲ ಗಂಡಿನ ಅಪ್ಪನ ಹೊಸ ಶೂ, ಹೊಳೆ ಮರಳಿನಲ್ಲಿ ಅಟ್ಟೆ ಕಿತ್ತುಕೊಂಡಿತ್ತು. ಎರಡನೆಯ ಗಂಡಿನ ಅಜ್ಜಿ ಬಿಸಿಲಿನಲ್ಲಿ ತಲೆಸುತ್ತಿ ಬಿದ್ದು, ಅವರನ್ನು ಎತ್ತಿನಗಾಡಿಯಲ್ಲಿ ವಾಪಸು ತರಬೇಕಾಯಿತು. ಎರಡು ಕಡೆಯವರೂ ಮತ್ತೆ ಮುಖ ತೋರಿಸಲಿಲ್ಲ. ಚಿಂತಾಮಣಿಯಿಂದ ಮೂರನೆಯವರು ಬರುತ್ತಾರೆಂದಾಗ ಅಜ್ಜಿ ದೇವರ ಮುಂದೆ ತಾತನ ಕೈಯಲ್ಲಿ ಕರ್ಪೂರ ಹಚ್ಚಿಸಿ, ಇವರನ್ನು ಹೊಳೆಗೆ ಕರೆದೊಯ್ಯುವುದಿಲ್ಲವೆಂದು ಆಣೆ ಹಾಕಿಸಿಕೊಂಡರು: "ಈ ಸಂಬಂಧ ತಪ್ಪಿದ್ರೆ ನಿಮ್ಮ ಹೊಳೇಲೇ ನಾನು ಬಿದ್ದುಬಿಡ್ತೀನಿ." ತಾತ "ಬೀಳೋಕೆ ನೀರೆಲ್ಲಿದೆ?" ಎನ್ನದೆ ಸುಮ್ಮನಿದ್ದದ್ದು ಅವರ ಜೀವಮಾನದ ದೊಡ್ಡ ತ್ಯಾಗ.

ಆ ಶನಿವಾರ ಅವರು ಹೇಳಿದ್ದಕ್ಕಿಂತ ಒಂದು ಬಸ್ಸು ಮುಂಚೆಯೇ ಬಂದಿಳಿದರು. ಬಾಗಿಲಿಗೆ ಬಂದಾಗ ರಾಹುಕಾಲ ಆಗತಾನೇ ಹಿಡಿದಿತ್ತು. ಅದು ಕಳೆಯುವವರೆಗೆ ಹೆಣ್ಣನ್ನು ನೋಡುವಂತಿಲ್ಲ ಎಂದು ಗಂಡಿನ ತಾಯಿ ಜಗಲಿಯಲ್ಲೇ ಕುಳಿತರು. ಒಂದೂವರೆ ಗಂಟೆ ಏನು ಮಾಡುವುದು? ಆಣೆ ಹಾಕಿದವರ ಕೈ ತಾನಾಗಿ ಛತ್ರಿಗೆ ಹೋಯಿತಂತೆ. ಅಜ್ಜಿ ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಮೆರವಣಿಗೆ ಬೀದಿಯ ತಿರುವು ದಾಟಿತ್ತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನೂ ಅತ್ತೆಯೂ ಆಗ ಹೊಳೆಯಲ್ಲಿದ್ದೆವು. ನಮ್ಮ ಬಾವಿಯ ನೀರು ಉಪ್ಪು. ನೆಂಟರ ಕಾಫಿಗೆ ಹೊಳೆಯ ಸಿಹಿನೀರೇ ಆಗಬೇಕೆಂದು ಅಜ್ಜಿಯೇ ಕಳಿಸಿದ್ದರು. ಮರಳಿನಲ್ಲಿ ಮೊಣಕೈಯುದ್ದ ಗುಂಡಿ ತೋಡಿದರೆ ತಳದಲ್ಲಿ ನೀರು ಮೆಲ್ಲಗೆ ಜಿನುಗಿ ತಿಳಿಯಾಗಿ ನಿಲ್ಲುತ್ತಿತ್ತು. ಅದನ್ನು ಚಿಲುಮೆ ಎನ್ನುತ್ತಿದ್ದೆವು. ಅತ್ತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೂದಲು ಕೆದರಿಕೊಂಡು, ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಬಿಂದಿಗೆಗೆ ತುಂಬುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ತಾತನ ದನಿ: "ಇಗೋ ನೋಡಿ, ಇದು ನಮ್ಮೂರ ಚಿಲುಮೆ. ನಮ್ಮ ಹೆಣ್ಣುಮಕ್ಕಳು ಹೆಂಗೆ..." ಛತ್ರಿಯ ತುದಿ ನೇರ ಮಗಳ ಮೇಲೆ ನಿಂತಿತು.

ಬಿಸಿಲಿಗೆ ಕೆಂಪಾಗಿದ್ದ ಗಂಡು ಏನೂ ತಿಳಿಯದೆ ಕೇಳಿದ, "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?"

"ಲೋಟ ಇಲ್ಲ. ಬೊಗಸೆ ಹಿಡೀರಿ," ಎಂದರು ಅತ್ತೆ.

ಅವನು ಕುಡಿದ. ಮತ್ತೆ ಬೊಗಸೆ ಹಿಡಿದ. ಆ ಎರಡನೆಯ ಬೊಗಸೆಗೆ ಬಾಯಾರಿಕೆ ಕಾರಣವಲ್ಲ ಎಂದು ನನಗೂ ತಿಳಿಯಿತು, ಅವನ ತಾಯಿಗೂ ತಿಳಿಯಿತು. "ಯಾರೀ ಹುಡ್ಗಿ?" ಎಂದರು.

"ಪಕ್ಕದ ಮನೆ..." ಎಂದು ತಾತ ತೊದಲಿದರು.

"ಪಕ್ಕದ ಮನೆ ಅಲ್ಲ. ನಾನೇ ಸುಂದರಾ. ನೀವು ನೋಡೋಕೆ ಬಂದಿರೋದು ನನ್ನನ್ನೇ," ಎಂದ ಅತ್ತೆ ಸೀರೆ ಇಳಿಸಿಕೊಂಡರು.

"ಅಯ್ಯೋ ದೇವುಡಾ, ರಾಹುಕಾಲದಲ್ಲಿ!" ತಾಯಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. "ಟೈಮೆಷ್ಟೋ?"

ಗಂಡು ಸೇತುವೆ ನೋಡುವವನಂತೆ ಅತ್ತ ತಿರುಗಿದ. ಅವನ ಸೊಂಟದೆತ್ತರಕ್ಕಿದ್ದ ನನಗೆ, ಒದ್ದೆ ಬೆರಳುಗಳು ವಾಚಿನ ಕೀಲಿಯನ್ನು ಗರಗರ ತಿರುಗಿಸಿದ್ದು ಕಂಡಿತು. "ಹತ್ತೂ ಮುಕ್ಕಾಲು ಅಮ್ಮ. ರಾಹುಕಾಲ ಆಗ್ಲೇ ಹೋಯ್ತು."

ತಾಯಿ ಆಕಾಶ ನೋಡಿದರು. "ಸೂರ್ಯ ಅಷ್ಟು ಮೇಲಕ್ಕೆ ಬಂದಿಲ್ವಲ್ಲೋ?"

"ನಮ್ಮೂರಲ್ಲಿ ಸೂರ್ಯ ಸ್ವಲ್ಪ ನಿಧಾನ ತಾಯಿ," ಎಂದರು ತಾತ, ಅದೂ ನೋಡತಕ್ಕ ಒಂದು ವಿಶೇಷವೆಂಬಂತೆ.

ಮದುವೆ ನಡೆಯಿತು. ನಡೆದದ್ದೇನೆಂದು ಅಜ್ಜಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೊಳೆ ತೋರಿಸಿದರೂ ಕೈತಪ್ಪದ ಸಂಬಂಧ ಎಂದು ಅವರು ಕೊನೆಯವರೆಗೂ ಅಳಿಯನನ್ನು ಮೆಚ್ಚಿಕೊಳ್ಳುತ್ತಿದ್ದರು. ತಾತ ಹೋದರು, ಅಜ್ಜಿ ಹೋದರು, ಆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ, ಮೇಲೊಂದು ಜಿಮ್ಮು. ಮಾವ ತೀರಿಕೊಂಡ ವರ್ಷ ಸುಂದರತ್ತೆ "ಒಂದ್ಸಲ ಹೊಳೆಗೆ ಕರ್ಕೊಂಡ್ ಹೋಗೇ" ಎಂದರು. ಟ್ಯಾಕ್ಸಿ ಮಾಡಿಕೊಂಡು ಹೋದೆವು. ಮರಳೆಲ್ಲ ಎಂದೋ ಲಾರಿ ಹತ್ತಿ ಹೋಗಿತ್ತು. ಉಳಿದದ್ದು ಜಾಲಿ, ಜೇಡಿಮಣ್ಣು, ಪ್ಲಾಸ್ಟಿಕ್ಕು. ಹೇಗೋ ಒಂದು ಅಂಗೈಯಗಲ ಮರಳು ಹುಡುಕಿ ಅತ್ತೆ ಕುಳಿತೇಬಿಟ್ಟರು, ತೋಡತೊಡಗಿದರು. ನನ್ನ ಮಂಡಿ ಒಪ್ಪದಿದ್ದರೂ ನಾನೂ ಕುಳಿತು ತೋಡಿದೆ. ಇಬ್ಬರು ಮುದುಕಿಯರು ಏನು ಹೂತಿಟ್ಟಿದ್ದಾರೋ ಎಂದು ಟ್ಯಾಕ್ಸಿಯವನು ಇಳಿದು ಬಂದು ನೋಡಿದ. ಮೊಣಕೈ ಮುಳುಗಿತು, ತೇವವೂ ಸಿಗಲಿಲ್ಲ. ನಾನು ಗುಂಡಿಗೆ ಮಣ್ಣು ಎಳೆಯಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಮುಚ್ಚಬೇಡ ಕಣೇ. ನಿಧಾನಕ್ಕೆ ಬರುತ್ತೆ."