ನಾಲ್ಕು ಬೆರಳು ಪರಾಗ್ವೆ

ಅಣೆಕಟ್ಟು ಅರ್ಧ ಪರಾಗ್ವೆಯದು, ಅರ್ಧ ಬ್ರೆಜಿಲಿನದು. ಯಾರ ಅರ್ಧ ಎಲ್ಲಿಗೆ ಮುಗಿಯುತ್ತದೆಂದು ತೋರಿಸುವವನು ಪೇಂಟರ್ ಕಾಸ್ತುಲೋ. ಟರ್ಬೈನುಗಳ ಮೇಲಿನ ಉದ್ದನೆಯ ಹಜಾರದಲ್ಲಿ ಗಡಿಯ ಹಳದಿ ಗೆರೆಯನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ಬಳಿಯುತ್ತಿದ್ದವನು ಅವನೇ.

"ದೇಶದ ಅಂಚು ಎಲ್ಲಿದೆ ಅಂತ ಮಂತ್ರಿಗಳೂ ನನ್ನನ್ನೇ ಕೇಳ್ಬೇಕು," ಎಂದು ಮನೆಯಲ್ಲಿ ಎದೆಯುಬ್ಬಿಸಿದರೆ ಹೆಂಡತಿ ರಮೋನಾ ಬಿಡುತ್ತಿರಲಿಲ್ಲ. "ಮೊದ್ಲು ನಮ್ಮನೆ ಬಾಗಿಲಿಗೆ ಬಣ್ಣ ಬಳೀರಿ. ದೇಶ ಆಮೇಲೆ ನೋಡ್ಕೊಳ್ಳೋಣ."

ವರ್ಷಕ್ಕೊಮ್ಮೆ ಗೆರೆ ಎಳೆಯಲು ಒಂದು ಕಟ್ಟಳೆಯಿತ್ತು. ಹಜಾರದ ಎರಡೂ ತುದಿಯಲ್ಲಿ ಒಂದೊಂದು ಹಿತ್ತಾಳೆ ಮೊಳೆ. ಸುಣ್ಣದ ಪುಡಿ ಸವರಿದ ದಾರದ ಒಂದು ತುದಿ ಪರಾಗ್ವೆಯವನು ಹಿಡಿಯಬೇಕು, ಇನ್ನೊಂದು ಬ್ರೆಜಿಲಿನವನು. ಆ ಇನ್ನೊಂದು ತುದಿಗೆ ಯಾವಾಗಲೂ ದೊರಿವಾಲ್. ಬಿಸಿ ಕಷಾಯ ಹೀರಿ ಬೆಳೆದ ಆ ಡೊಳ್ಳುಹೊಟ್ಟೆಯವನಿಗೆ ಅದೇ ಎಲೆಯನ್ನು ಐಸ್ ನೀರಿನಲ್ಲಿ ನೆನೆಸಿದ ತೆರೆರೆಯ ರುಚಿ ಹತ್ತಿಸಿದ್ದು ಕಾಸ್ತುಲೋ. ಮಧ್ಯಾಹ್ನ ಗೆರೆಯ ಆಚೆ ಒಬ್ಬ, ಈಚೆ ಒಬ್ಬ ಕೂತು ಒಂದೇ ಕೊಳವೆಯಲ್ಲಿ ಸರದಿಯಂತೆ ಹೀರುತ್ತಿದ್ದರು.

ಹೋದ ವರ್ಷ ಗೆರೆಯ ದಿನ ದೊರಿವಾಲ್‌ಗೆ ಜ್ವರ. ಕಾಸ್ತುಲೋಗೆ ತಾಳ್ಮೆ ಎಲ್ಲಿಯದು? ದಾರದ ಆ ತುದಿಯನ್ನು ಮೊಳೆಯ ಪಕ್ಕದ ಬೋಲ್ಟಿಗೆ ಕಟ್ಟಿ ಒಬ್ಬನೇ ಬಳಿದು ಮುಗಿಸಿದ. ಜ್ವರ ಬಿಟ್ಟು ಬಂದ ದೊರಿವಾಲ್ ತನ್ನ ಮರದ ಬೆಂಚನ್ನು ಎಳೆದು ತಂದು ಆ ತುದಿಯಲ್ಲೇ ಗೆರೆಗೆ ಅಡ್ಡಲಾಗಿ ಇಟ್ಟವನು ಹನ್ನೊಂದು ತಿಂಗಳು ಕದಲಿಸಲಿಲ್ಲ. "ಅರ್ಧ ಅಣೆಕಟ್ಟು ಸಾಲ್ದೇನೋ ನಿನಗೆ?" ಎಂದು ಕಾಸ್ತುಲೋ ಗೊಣಗಿದ್ದೇ ಗೊಣಗಿದ್ದು.

ನಿವೃತ್ತಿಗೆ ಒಂದು ವಾರವಿತ್ತು. ಕೊನೆಯ ಸಲ ಗೆರೆ ಎಳೆಯಲೆಂದು ಕಾಸ್ತುಲೋ ತಾನೇ ಬೆಂಚನ್ನು ಸರಿಸಿದ. ಕೆಳಗೆ ಹಿತ್ತಾಳೆ ಮೊಳೆ ಹೊಳೆಯಿತು. ಗೆರೆ ಮಾತ್ರ ಅದರಿಂದ ನಾಲ್ಕು ಬೆರಳು ಈಚೆಗೆ, ಪರಾಗ್ವೆಯೊಳಗೆ ಬಂದಿತ್ತು!

ಅವನು ಬೆರಳಿಟ್ಟು ಮತ್ತೊಮ್ಮೆ ಅಳೆದ. ಬೀಳ್ಕೊಡುಗೆಯ ದಿನ ಎಲ್ಲರೂ ತನ್ನನ್ನು ದೇಶ ಬಿಟ್ಟುಕೊಟ್ಟವನು ಎಂದು ಬೆರಳು ಮಾಡಿ ತೋರಿಸುತ್ತಾರೆ. ಇಪ್ಪತ್ತೊಂಬತ್ತು ವರ್ಷದ ಹೆಸರು ನೀರಲ್ಲಿ ಹೋಮ.

"ದೊರಿವಾಲ್, ಇದು ನಿನಗೆ ಗೊತ್ತಿತ್ತಾ?" ಎಂದು ದಾರ ಹಿಡಿಯಲು ಬಂದಿದ್ದ ಗೆಳೆಯನನ್ನು ಕೇಳಿದ.

"ಜ್ವರ ಬಿಟ್ಟು ಬಂದ ದಿನಾನೇ ನೋಡ್ದೆ ಕಣೋ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯೇನೋ, ದಡಿಯಾ?"

"ಹೇಳಿದ್ರೆ ವಿಚಾರಣೆ ಅಂತಿದ್ರು, ನಿನ್ನನ್ನ ಇನ್ನೆಲ್ಲಿಗೋ ಎತ್ತಂಗಡಿ ಮಾಡ್ತಿದ್ರು. ಆಮೇಲೆ ನಾನು ಯಾರ ಜೊತೆ ಕುಡೀಲಿ? ಅದಕ್ಕೇ ಬೆಂಚು ಇಟ್ಟೆ. ನೀನು ನೋಡಿದ್ರೆ ದಿನಾ ನನಗೇ ಬೈಗುಳ!"

ಕಾಸ್ತುಲೋನ ಕಣ್ಣು ತುಂಬಿ ಬಂತು. ದೊರಿವಾಲ್ ಏದುಸಿರು ಬಿಡುತ್ತಾ ಬಗ್ಗಿ ದಾರವನ್ನು ಮೊಳೆಗೆ ಒತ್ತಿಹಿಡಿದ. "ಸರಿಯಾಗಿ ನೋಡ್ಕೋ, ಮೊಳೆ ಮೇಲೇ ಇದೆ. ತಗೊಳಪ್ಪ ನಿನ್ನ ದೇಶ."

ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ ಕಾಸ್ತುಲೋ ಆ ಬೆಂಚನ್ನೇ ಕೇಳಿದ. ಈಗ ಅದು ಅವನ ಮನೆಯ ಮುಂದೆ, ಇನ್ನೂ ಬಣ್ಣ ಕಾಣದ ಬಾಗಿಲಿನ ಪಕ್ಕದಲ್ಲಿದೆ. ಭಾನುವಾರ ದೊರಿವಾಲ್ ಸೇತುವೆ ದಾಟಿ ಬಂದು ಅರ್ಧ ಬೆಂಚಿನಲ್ಲಿ ಕೂರುತ್ತಾನೆ. ಅರ್ಧಕ್ಕಿಂತ ತುಸು ಹೆಚ್ಚೇ ಬೇಕು ಅವನಿಗೆ. ನಾಲ್ಕು ಬೆರಳಿಗೆಲ್ಲ ಕಾಸ್ತುಲೋ ಈಗ ಜಗಳ ತೆಗೆಯುವುದಿಲ್ಲ.