ಅಕ್ಕನ ಹಾಸಿಗೆಯ ಗಾಳಿ

ನನ್ನ ಗೆಳೆಯ ಮಂಗಳವಾರ ಸಂಜೆ ತೀರಿಕೊಂಡ. ಹೃದಯಾಘಾತ. ಅರವತ್ತೊಂದು ವರ್ಷ.

ರೇಡಿಯೋ ರಿಪೇರಿ ಅವನ ಕಸುಬು. ಬೇಗ ಸಿಡುಕಿ ಅಷ್ಟೇ ಬೇಗ ತಣ್ಣಗಾಗುತ್ತಿದ್ದುದರಿಂದ ನಮಗೆಲ್ಲ ಅವನು ಫ್ಯೂಸು. ಮದುವೆಯಾಗಲಿಲ್ಲ. ಅವನನ್ನು ಎತ್ತಿ ಬೆಳೆಸಿದ ಅಕ್ಕ ನಾಲ್ಕು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದಲ್ಲೇ ಇದ್ದಾರೆ. ಬೆನ್ನು ಹುಣ್ಣಾಗದಿರಲೆಂದು ಗಾಳಿ ಹಾಸಿಗೆ. ಅದಕ್ಕೆ ಗಾಳಿ ತುಂಬಲು ಹನ್ನೆರಡು ವೋಲ್ಟಿನ ಪುಟ್ಟ ಪಂಪು. ಕರೆಂಟು ಹೋದರೆ ಹಾಸಿಗೆ ಮೆಲ್ಲಗೆ ಕುಸಿದು ಅವರ ಮೂಳೆ ಹಲಗೆಗೆ ತಾಗುತ್ತಿತ್ತು.

ಕರೆಂಟು ಪದೇ ಪದೇ ಕೈಕೊಡತೊಡಗಿದಾಗ ಅವನೊಂದು ಬ್ಯಾಟರಿ ತಂದ. ಅದೂ ಹನ್ನೆರಡು ವೋಲ್ಟು. ಮೊದಲು ತನ್ನ ಕೆಲಸದ ಮೇಜಿನ ದೀಪಕ್ಕೆ ತಂತಿ ಕೊಟ್ಟು ನೋಡಿದ, ಚೆನ್ನಾಗಿ ಉರಿಯಿತು. ಅದೇ ಧೈರ್ಯದ ಮೇಲೆ ಪಂಪಿಗೂ ಕೊಟ್ಟ. ಪಂಪು ಅಲುಗಲೇ ಇಲ್ಲ. ತಂತಿ ಕೀಳುವಷ್ಟರಲ್ಲಿ ಸುರುಳಿ ಸುಟ್ಟ ವಾಸನೆ.

"ಹುಟ್ಟಿದಾಗಿಂದ ಇದೇ ಕೆಲಸ ಮಾಡ್ತಿದ್ದೀಯಲ್ಲೋ," ಎಂದರು ಅಕ್ಕ.

"ದೀಪ ನನ್ನ ದಾರಿ ತಪ್ಪಿಸ್ತು ಕಣಕ್ಕ. ಅದಕ್ಕೆ ಯಾವ ಕರೆಂಟಾದ್ರೂ ಸೈ. ಈ ಮೋಟಾರಿಗೆ ಹಾಗಲ್ಲ. ಬ್ಯಾಟರಿ ಒಂದೇ ಕಡೆ ತಳ್ಳುತ್ತೆ. ಇದನ್ನ ಆ ಕಡೆ ಈ ಕಡೆ ತೂಗಬೇಕು, ನೀನು ನನ್ನ ತೊಟ್ಟಿಲು ತೂಗಿದ ಹಾಗೆ."

"ನಿನ್ನ ತೂಗಿ ತೂಗಿನೇ ನನ್ನ ಬೆನ್ನು ಹೋಗಿದ್ದು."

ಹೊಸ ಪಂಪು ಬರಲು ಹತ್ತು ದಿನ ಹಿಡಿಯಿತು. ಅಷ್ಟು ದಿನವೂ ಎರಡು ಗಂಟೆಗೊಮ್ಮೆ ಅಕ್ಕನನ್ನು ಮಗ್ಗುಲು ತಿರುಗಿಸುತ್ತ, ನಡುನಡುವೆ ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಎರಡು ಟ್ರಾನ್ಸಿಸ್ಟರು, ಒಂದು ಟ್ರಾನ್ಸ್‌ಫಾರ್ಮರು ಕೂಡಿಸಿದ. ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಐವತ್ತು ಸಲ ಹಿಂದೆಮುಂದೆ ತೂಗುವ ಡಬ್ಬಿ ಅದು. ಪಂಪಿಗೂ ಅಕ್ಕನ ಕೋಣೆಗೆ ತಂದಿಟ್ಟ ಆ ದೀಪಕ್ಕೂ ಅದರಿಂದಲೇ ತಂತಿ. ಪಂಪು ಗುಂಯ್ ಎಂದಾಗ ಹಾಸಿಗೆಯ ಮೇಲೆ ಅಂಗೈ ಒತ್ತಿ ಗಾಳಿ ನೋಡಿದ. ಆಮೇಲೆ ಅದೇ ಅಭ್ಯಾಸವಾಯಿತು. ನಾನು ಹರಟೆಗೆ ಹೋದಾಗಲೂ ಮಾತಿನ ಮಧ್ಯೆ ಎದ್ದು ಹೋಗಿ ಅಂಗೈ ಒತ್ತಿ ಬರುತ್ತಿದ್ದ.

ಮಂಗಳವಾರ ಬೆಳಗ್ಗೆ ಹೋದ ಕರೆಂಟು ಮಬ್ಬುಗತ್ತಲಾದರೂ ಬರಲಿಲ್ಲ. ಮುಂದಿನದನ್ನು ನನಗೆ ಹೇಳಿದ್ದು ಅಕ್ಕ. ದೀಪದ ಬೆಳಕಿನಲ್ಲಿ ಅವರಿಗೆ ಪೇಪರು ಓದಿ ಹೇಳುತ್ತಿದ್ದವನು ಎದೆ ಹಿಡಿದ ಹಾಗಿದೆ ಎಂದ. ಪಕ್ಕದ ಮನೆಯವರನ್ನು ಕರೆಯೋ ಎಂದರು ಅಕ್ಕ.

"ಕರೀತೀನಿ ಇರು, ಪಂಪು ಸೋತಿದೆ."

ಬ್ಯಾಟರಿ ಇಳಿದು ಪಂಪಿನ ದನಿ ಕುಗ್ಗಿತ್ತು.

"ದೀಪ ಆರಿಸ್ತೀನಕ್ಕ. ಉಳಿದಿರೋದು ನಿನ್ನ ಪಂಪಿಗೇ ಇರಲಿ."

ಆರಿಸಿದ. ಪಂಪಿನ ದನಿ ಮತ್ತೆ ಏರಿತು. ಅವನು ತಡವುತ್ತ ಬಂದು, ಅಕ್ಕನ ಬೆನ್ನ ಬಳಿ ಅಂಗೈ ಒತ್ತಿ ಗಾಳಿ ನೋಡಿದ.